ಮಂಚ ಇಳಿಯುವ ಮೆಟ್ಟಿಲು

ಕಾರ್ಬೈಡ್ ದೀಪದ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮತ್ತೆ ಬಿಡುವುದಿಲ್ಲ. ಬೆಳ್ಳುಳ್ಳಿ ಕೊಳೆತ ಹಾಗೆ, ಅದರ ಮೇಲೆ ಯಾರೋ ಒದ್ದೆ ಸುಣ್ಣ ಚೆಲ್ಲಿದ ಹಾಗೆ. ವೆಂಕಟರತ್ನಮ್ಮ ಹುಡುಗಿಯಾಗಿದ್ದಾಗ ಅವಳ ಅಪ್ಪ ಚಿನ್ನದ ಗಣಿಯಾದ ಮೈಸೂರು ಮೈನ್ಸ್‌ನಲ್ಲಿ ಪಾಳಿ ಮುಗಿಸಿ ಬಂದರೆ, ಅವನಿಗಿಂತ ಮೊದಲು ಅವನ ಅಂಗಿಯ ಆ ವಾಸನೆ ಮನೆಯೊಳಗೆ ಬರುತ್ತಿತ್ತು. ಅಮ್ಮ ಮೂಗು ಮುಚ್ಚಿಕೊಳ್ಳುವಳು. ಹುಡುಗಿಗೆ ಮಾತ್ರ ಅದು ಇಷ್ಟ. ವಾಸನೆ ಬಂತೆಂದರೆ ಅಪ್ಪ ಇವತ್ತೂ ಜೀವಂತವಾಗಿ ಮೇಲೆ ಬಂದ ಎಂದು ಅರ್ಥ.

ಗಣಿಯ ದೂಳು ಕುಡಿದ ಎದೆ ಅಪ್ಪನನ್ನು ನಲವತ್ತೆಂಟನೇ ವಯಸ್ಸಿಗೇ ಕೊಂಡೊಯ್ದಿತು. ತಾಯಿ ಮಗಳು ಬಂಗಾರಪೇಟೆ ಪಕ್ಕದ ತಾಯಿಯ ಹಳ್ಳಿಗೆ ಬಂದು ಸೇರಿದರು. ವೆಂಕಟರತ್ನಮ್ಮ ಡಿಪ್ಲೊಮಾ ಓದಿ ನಕ್ಷೆ ಬರೆಯುವ ಕೆಲಸ ಹಿಡಿದಳು. ಸ್ಟೇಷನ್ ರಸ್ತೆಯ ಆರ್ಕಿಟೆಕ್ಟ್ ರಾಮಚಂದ್ರಪ್ಪನವರ ಕಚೇರಿಯಲ್ಲಿ ಹದಿನಾರು ವರ್ಷ ಬೋರ್ಡಿನ ಮೇಲೆ ಬಾಗಿ ಗೆರೆ ಎಳೆದಳು. ಬೇಸಿಗೆಯಲ್ಲಿ ಅವಳ ಬೆವರು ನಕ್ಷೆಯ ಮೇಲೆ ಬೀಳಬಾರದೆಂದು ಅವರು ತಮ್ಮ ಫ್ಯಾನನ್ನೇ ಅವಳ ಕಡೆ ತಿರುಗಿಸುತ್ತಿದ್ದರು. ಕಾಗದದ ಮೇಲಿನ ಕಾಳಜಿ ಎಂದು ಹೇಳಿಕೊಳ್ಳುತ್ತಿದ್ದರು, ಅಷ್ಟೆ.

೧೯೯೭ರಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಜೊತೆಗೆ ಹೊಸದೊಂದು ಪ್ರೋಗ್ರಾಂ: ಇನ್ನೂ ಕಟ್ಟದ ಮನೆಯನ್ನು ಪರದೆಯೊಳಗೆ ಕಟ್ಟಿ, ಗಿರಾಕಿಯ ಕೈಗೆ ನಾಲ್ಕು ಬಾಣದ ಗುಂಡಿ ಕೊಟ್ಟು, ಅವನನ್ನು ಆ ಮನೆಯಲ್ಲಿ ಓಡಾಡಿಸುವುದು. ಕಲಿಯಲು ರಾಮಚಂದ್ರಪ್ಪನವರು ಪಟ್ಟಣದ ಹುಡುಗರನ್ನು ಕಳಿಸಲಿಲ್ಲ. ನಲವತ್ತೊಂದು ದಾಟಿದ ವೆಂಕಟರತ್ನಮ್ಮನನ್ನೇ ಮೂರು ವಾರ ಬೆಂಗಳೂರಿಗೆ ಕಳಿಸಿದರು. "ಅಳತೆ ಗೊತ್ತಿರೋರಿಗೆ ಮಿಷನ್ ಕಲಿಸ್ಬೋದು. ಮಿಷನ್ ಗೊತ್ತಿರೋರಿಗೆ ಅಳತೆ ಕಲಿಸೋದು ಕಷ್ಟ" ಎಂದರು. ಆ ಮಾತನ್ನು ಅವಳು ಯಾರಿಗೂ ಹೇಳದೆ ಬಹಳ ದಿನ ಇಟ್ಟುಕೊಂಡಿದ್ದಳು.

ಮರು ವರ್ಷ ಬಂದ ಗಿರಾಕಿ ಬಚ್ಚಪ್ಪ. ಆಂಡರ್ಸನ್‌ಪೇಟೆಯ ಅಂಚಿನಲ್ಲಿ ಹಳೆಯ ಗಣಿ ಕಾರ್ಮಿಕರ ಒಂದು ಲೈನನ್ನು, ಅಂದರೆ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಮೂವತ್ತೆರಡು ಮನೆಗಳ ಸಾಲನ್ನು, ಜಾಗದ ಸಮೇತ ಕೊಂಡಿದ್ದ. ಕೆಳಗೆ ಅಂಗಡಿ, ಮೇಲೆ ಮೂರು ಮಾಳಿಗೆ ಕಟ್ಟುವ ಯೋಚನೆ. ಹಳೆ ಕುಟುಂಬಗಳಿಗೆ ಮೇಲೊಂದೊಂದು ಮನೆ. ಆದರೆ ಅವರು ಒಪ್ಪಿ ಸಹಿ ಹಾಕದೆ ಗೋಡೆ ಮುಟ್ಟುವ ಹಾಗಿರಲಿಲ್ಲ. ಸಹಿ ಆದ ಮರುದಿನವೇ ಕೆಡವುವುದೆಂದು ಜೆಸಿಬಿಗೂ ಹೇಳಿಟ್ಟಿದ್ದ.

ವೆಂಕಟರತ್ನಮ್ಮ ಕಟ್ಟಡವನ್ನು ಪರದೆಯೊಳಗೆ ಕಟ್ಟಿದಳು. ಅವಳು ಮೊದಲು ಬರೆದ ಮೆಟ್ಟಿಲು ನಾಲ್ಕೂವರೆ ಅಡಿ ಅಗಲ ಇತ್ತು. ಕೆಳಗೆ ಇನ್ನೊಂದು ಅಂಗಡಿ ಹಿಡಿಸಬೇಕೆಂದು ಬಚ್ಚಪ್ಪ ಅದನ್ನು ಎರಡೂಮುಕ್ಕಾಲಿಗೆ ಇಳಿಸಿದ. ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ತೋರಿಸುವ ದಿನ ಹತ್ತಿರ ಬಂದಾಗ ರಾಮಚಂದ್ರಪ್ಪನವರು ಅವಳ ಕುರ್ಚಿಯ ಹಿಂದೆ ನಿಂತು, ಪರದೆಯತ್ತ ನೋಡದೆ, ಇನ್ನೆರಡು ಬದಲಾವಣೆ ಹೇಳಿದರು.

ಪ್ರೋಗ್ರಾಮಿನಲ್ಲಿ ನಡೆಯುವವನ ಕಣ್ಣಿನ ಎತ್ತರವನ್ನು ನಾವೇ ತುಂಬಬೇಕು. ಅಲ್ಲಿ ಐದೂಕಾಲು ಅಡಿ ಇದ್ದದ್ದು ಮೂರೂವರೆ ಆಗಬೇಕು. ಮಗುವಿನ ಕಣ್ಣಿನಿಂದ ನೋಡಿದರೆ ಎಂಟೂವರೆ ಅಡಿಯ ಸೂರು ಅರಮನೆಯಂತೆ ಕಾಣುತ್ತದೆ. ಇನ್ನೊಂದು, ನಡೆಯುವವನಿಗೆ ಗೋಡೆ ತಡೆಯಬೇಕೋ ಬೇಡವೋ ಎಂಬ ಗುರುತು. ಅದನ್ನು ತೆಗೆದುಬಿಟ್ಟರೆ ಇಕ್ಕಟ್ಟಿನ ಜಾಗದಲ್ಲೂ ಮನುಷ್ಯ ಗಾಳಿಯ ಹಾಗೆ ಗೋಡೆಯೊಳಗೇ ಹಾದುಹೋಗುತ್ತಾನೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

"ಎಲ್ಲಾರೂ ಹೀಗೇ ತೋರಿಸೋದಂತೆ, ರತ್ನಮ್ಮ" ಎಂದರು ಅವರು. ಅವಳು ಮಾಡಿದಳು.

ಶನಿವಾರ ಬೆಳಿಗ್ಗೆ ಬಂಗಾರಪೇಟೆಯಿಂದ ರೈಲು ಹತ್ತಿ, ಉರಿಗಾಂನಲ್ಲಿ ಇಳಿದು, ಲೈನಿನ ಪಟ ತೆಗೆಯಲು ಹೋದಳು. ಮೊದಲ ಮನೆಯ ಜಗುಲಿಯಲ್ಲಿ ಹಗ್ಗದ ಮಂಚದ ಮೇಲೆ ಪೆರುಮಾಳ್ ಕುಳಿತಿದ್ದ. ಮೂವತ್ತೊಂದು ವರ್ಷ ನೆಲದಡಿಯಲ್ಲಿ ದುಡಿದ ಮನುಷ್ಯ. ಎರಡು ಮಾತಿಗೊಮ್ಮೆ ಉಸಿರನ್ನು ಎಲ್ಲಿಂದಲೋ ಎಳೆದು ತರಬೇಕಿತ್ತು. ಅವನ ಹೆಂಡತಿ ಮುನಿಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಇವ್ರು ಒಳಗ್ ಮಲ್ಗಲ್ವಾ?" ಎಂದು ವೆಂಕಟರತ್ನಮ್ಮ ಕೇಳಿದಳು.

"ಒಳಗ್ ಮಲಗ್ಸಿದ್ರೆ ಎತ್ತೋರ್ಗೆ ತೊಂದ್ರೆ ಅಲ್ವೇನಮ್ಮ" ಎಂದಳು ಮುನಿಗಂಗಮ್ಮ. "ಉಸ್ರು ಕಟ್ದಾಗ ನಾನು ತಟ್ಟೆ ಬಡೀತೀನಿ. ಅಕ್ಕಪಕ್ಕದ ನಾಕು ಮನೆ ಗಂಡಸ್ರು ಓಡ್ಬತ್ತಾರೆ. ಮಂಚ ಸಮೇತ ಎತ್ಕೊಂಡು ಟಾರ್ ರೋಡ್ಗೆ, ಆಸ್ಪತ್ರೆಗೆ ಓಗೋ ಗಾಡಿ ಸಿಗೋದು ಅಲ್ಲೇ. ಬಲಗಡೆ ಮನೆಯೋನು ತಲೆ ಕಡೆ ಇಡೀಬೇಕು, ಅದು ಮೊದಲಿಂದ್ಲೂ ಪದ್ಧತಿ."

"ಬಲಗಡೆ ಮನೆಯೋನು ಆರುಮುಗಂ" ಎಂದ ಪೆರುಮಾಳ್. "ನಂಗೂ ಅವ್ನಿಗೂ ಆರು ವರ್ಷದಿಂದ ಮಾತಿಲ್ಲ. ಕೊಳಾಯಿ ಜಗಳ. ಈ ವರ್ಷ ಮೂರು ಸಲ ಎತ್ಕೊಂಡ್ ಓಗವ್ನೆ. ಒಂದ್ಸಲಾನೂ ಮಾತಾಡಿಲ್ಲ ನನ್ಮಗ."

ವೆಂಕಟರತ್ನಮ್ಮನಿಗೆ ತಾನು ಹದಿನಾರರವಳಿದ್ದಾಗಿನ ಒಂದು ಬೆಳಗು ಕಣ್ಣ ಮುಂದೆ ಬಂತು. ನಾಲ್ವರ ಹೆಗಲ ಮೇಲೆ ಅಪ್ಪನ ಮಂಚ, ಹಿಂದೆ ಓಡುತ್ತಿದ್ದ ತಾನು, ಅಂಗಿ ತೊಡಲೂ ಬಿಡುವಿಲ್ಲದೆ ಬಂದಿದ್ದ ಪಕ್ಕದ ಮನೆಯವನ ಬರಿ ಬೆನ್ನು. ಆ ಪದ್ಧತಿಯನ್ನು ತಾನು ಹೇಗೆ ಮರೆತೆ? ಚೀಲದಿಂದ ಟೇಪು ತೆಗೆದು ಮಂಚ ಅಳೆದಳು. ಉದ್ದ ಆರಡಿ, ಅಗಲ ಎರಡೂವರೆ.

ಮಧ್ಯಾಹ್ನ ಕಚೇರಿಗೆ ಬಂದು ಹೇಳಿದಳು. "ಸಾರ್, ಆ ಮೆಟ್ಟಿಲಲ್ಲಿ ಮಂಚ ತಿರುಗಲ್ಲ."

ರಾಮಚಂದ್ರಪ್ಪನವರು ಕನ್ನಡಕ ಒರೆಸಿದರು. "ಸಹಿ ಆಗ್ಲಿ. ಆಮೇಲೆ ನೋಡೋಣ."

"ಆಮೇಲೆ ನೋಡೋಕೆ ಹಳೆ ಮನೆ ಇರಲ್ಲ ಸಾರ್."

ಅವರು ಮತ್ತೆ ಕನ್ನಡಕ ಒರೆಸಿದರು.

ಭಾನುವಾರ ಹನ್ನೊಂದಕ್ಕೆ ಲೈನಿನ ಭಜನೆ ಮಂದಿರದಲ್ಲಿ ಕಂಪ್ಯೂಟರ್ ಜೋಡಿಸಿದರು. ಬಚ್ಚಪ್ಪ ಕುರ್ಚಿ ಹಾಕಿಸಿದ್ದ, ಬೋಂಡ ಕಾಫಿ ತರಿಸಿದ್ದ. ಬಾಗಿಲಲ್ಲೇ ನಿಂತು, "ಬನ್ರೀ, ಟಿಕೆಟ್ ಇಲ್ಲ, ಪುಕ್ಸಟ್ಟೆ ಆಟ. ನಿಮ್ಮನೇಲಿ ನೀವೇ ಓಡಾಡ್ಬೋದು" ಎಂದು ಕರೆಯುತ್ತಿದ್ದ.

"ಚಪ್ಲಿ ಬಿಟ್ಟು ಓಗ್ಬೇಕಾ, ಆಕ್ಕೊಂಡೇ ಓಗ್ಬೋದಾ ಯಜಮಾನ್ರೇ?" ಎಂದ ಆರುಮುಗಂ. ಆಟೋ ಓಡಿಸುವವನು, ಮಾತಿಗೆ ಬಡತನವಿಲ್ಲ.

"ನಿನ್ನ ಚಪ್ಲಿ ನೋಡಿದ್ರೆ ಕಂಪ್ಯೂಟ್ರೇ ಆಫ್ ಆಯ್ತದೆ, ಮಡಿಗ್ಲಾ ಆಚೆ" ಎಂದರು ಯಾರೋ. ಮಂದಿರವೆಲ್ಲ ನಕ್ಕಿತು.

ರಾಮಚಂದ್ರಪ್ಪನವರು ಹೇಳಿಕೊಟ್ಟ ದಾರಿಯಲ್ಲೇ ವೆಂಕಟರತ್ನಮ್ಮ ಎಲ್ಲರನ್ನೂ ನಡೆಸಿದಳು. ಹೊಳೆಯುವ ನೆಲ, ಕಿಟಕಿ, ನೀಲಿ ಆಕಾಶ. ಮುನಿಗಂಗಮ್ಮ ಪರದೆಯ ಸೂರನ್ನು ನೋಡಿ, "ಎಷ್ಟೆತ್ರ ಐತಲ್ಲಮ್ಮ. ಜೇಡರ ಬಲೆ ತೆಗ್ಯಕ್ಕೆ ಏಣಿ ಮ್ಯಾಲೆ ಏಣಿ ಮಡಗ್ಬೇಕು" ಎಂದಳು. ಪೆರುಮಾಳ್‌ಗೆ ಮನೆ ಹಂಚಲು ಎತ್ತಿದ ಚೀಟಿಯಲ್ಲಿ ಬಂದದ್ದು ಮೂರನೇ ಮಾಳಿಗೆ. ವೆಂಕಟರತ್ನಮ್ಮ ಬಾಣದ ಗುಂಡಿಯ ಮೇಲೆ ಅವನ ಬೆರಳಿಟ್ಟು ಕೆಳಗಿನಿಂದ ಹತ್ತಿಸಿದಳು. ಪರದೆಯಲ್ಲಿ ಮೆಟ್ಟಿಲುಗಳು ನುಣ್ಣಗೆ ಸರಿದವು. ಇಕ್ಕಟ್ಟಿನ ತಿರುವುಗಳು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

"ಈ ಮೆಟ್ಲು ಅತ್ತಕ್ಕೆ ಉಸ್ರೇ ಬೇಡ ಕಣ್ರೀ" ಎಂದ ಪೆರುಮಾಳ್. "ಗಣೀಲಿ ಇಂತಾದ್ದು ಕೊಟ್ಟಿದ್ರೆ ನನ್ನೆದೆ ಉಳೀತಿತ್ತು."

ಎಲ್ಲರೂ ನಕ್ಕರು. ಬಚ್ಚಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, ಸಹಿ ಪುಸ್ತಕವನ್ನು ಮುದುಕನ ತೊಡೆಯ ಮೇಲಿಟ್ಟು ಪೆನ್ನು ಬಿಚ್ಚಿ ಕೊಟ್ಟ. ಲೈನಿಗೆ ಹಿರಿಯ ಅವನೇ. ಅವನು ಹಾಕಿದರೆ ಉಳಿದವರೆಲ್ಲ ಹಾಕುತ್ತಾರೆ.

ಪೆನ್ನಿನ ತುದಿ ಕಾಗದ ಮುಟ್ಟುವುದರಲ್ಲಿತ್ತು.

"ತಾತ, ಸ್ವಲ್ಪ ತಾಳಿ" ಎಂದಳು ವೆಂಕಟರತ್ನಮ್ಮ. "ಹತ್ತಿದ್ದು ಆಯ್ತು. ಇಳಿಯೋದು ತೋರಿಸಿಲ್ಲ."

ಅವಳು ಮೂರು ಕಡೆ ಬದಲಾವಣೆ ಮಾಡಿದಳು. ಕಣ್ಣಿನ ಎತ್ತರ ಐದೂಕಾಲು. ಗೋಡೆ ತಡೆಯಲಿ. ನಡೆಯುವವನ ಮೈ ಅಳತೆ ಎಂಬ ಜಾಗದಲ್ಲಿ ಆರಡಿ ಉದ್ದ, ಎರಡೂವರೆ ಅಡಿ ಅಗಲ. ರಾಮಚಂದ್ರಪ್ಪನವರು ಬಗ್ಗಿ ಮೆಲ್ಲಗೆ, "ಬೇಡ ರತ್ನಮ್ಮ" ಎಂದರು.

"ನಿಮ್ಮ ನಕ್ಷೇನೇ ಸಾರ್. ನಾನೊಂದು ಗೆರೇನೂ ಸೇರಿಸಿಲ್ಲ" ಎಂದು ಅವಳೂ ಮೆಲ್ಲಗೇ ಹೇಳಿ, ಎಲ್ಲರಿಗೂ ಕೇಳುವಂತೆ ಮುಂದುವರಿಸಿದಳು. "ಈಗ ನಡೀತಿರೋದು ಮನುಷ್ಯ ಅಲ್ಲ. ಪೆರುಮಾಳ್ ತಾತನ ಮಂಚ. ನಿನ್ನೆ ಅಳತೆ ತಗೊಂಡು ಹೋಗಿದ್ದೆ. ಟಾರ್ ರೋಡಿಗೆ ಇಳಿಸಿ ನೋಡಿ."

ಮೊದಲು ಸೂರು ತಗ್ಗಿತು. ಅರಮನೆ ಇದ್ದದ್ದು ಮನೆಯಾಯಿತು. ಪೆರುಮಾಳ್ ಗುಂಡಿ ಒತ್ತಿದ. ಮಂಚ ಬಾಗಿಲು ದಾಟಿತು, ಮೆಟ್ಟಿಲಿಗೆ ಬಂತು, ಒಂಬತ್ತು ಮೆಟ್ಟಿಲು ನೆಟ್ಟಗೆ ಇಳಿಯಿತು. ತಿರುವಿನಲ್ಲಿ ಯಂತ್ರ 'ಟಕ್' ಎಂದಿತು. ಅವನು ಮತ್ತೆ ಒತ್ತಿದ. ಮತ್ತೆ ಟಕ್.

"ಬಿಡು ಮಾಮ, ಓಡ್ಸೋದು ನನ್ ಕೆಲ್ಸ" ಎಂದು ಆರುಮುಗಂ ಪಕ್ಕಕ್ಕೆ ಬಂದು ಕೂತ. ಆರು ವರ್ಷದ ಮೊದಲ ಮಾತು ಅದು ಎಂದು ಆ ಗಳಿಗೆಯಲ್ಲಿ ಅವರಿಬ್ಬರಿಗೂ ಹೊಳೆದಂತಿರಲಿಲ್ಲ.

"ಎಡಕ್ಕೆ ಲೇ, ಎಡಕ್ಕೆ" ಎಂದ ಪೆರುಮಾಳ್.

"ಎಡಕ್ಕೇ ಮಾಮ ಓಗ್ತಾ ಇರೋದು. ಗೋಡೆ ಐತೆ."

"ರಿವರ್ಸ್ ತಗೊ. ಕಾಲು ಕಡೆ ಮೊದ್ಲು ಬುಡು."

ಟಕ್. ಟಕ್. ಹೆಂಗಸರೂ ಎದ್ದು ಬಂದು ದಾರಿ ಹೇಳಿದರು. ಕಾಲು ಗಂಟೆ ಕಳೆದರೂ ಮಂಚ ಆ ತಿರುವು ದಾಟಲಿಲ್ಲ. ಅಲ್ಲಿದ್ದ ಪ್ರತಿ ಮನೆಯಲ್ಲೂ ಒಂದು ಮಂಚ ಇತ್ತು.

ಬಚ್ಚಪ್ಪ ಗಂಟಲು ಸರಿ ಮಾಡಿಕೊಂಡ. "ಅದು ಡಬ್ಬ ಕಣ್ರಪ್ಪ, ಅದ್ಕೇನ್ ಗೊತ್ತು. ಸೊಲ್ಪ ಓರೆ ಮಾಡಿದ್ರೆ ಇಳೀತದೆ."

"ಓರೆ ಅಂದ್ರೆ ಇವ್ರನ್ನ ನಿಲ್ಲಿಸ್ಕೊಂಡಾ?" ಎಂದಳು ಮುನಿಗಂಗಮ್ಮ. "ಉಸ್ರಿಲ್ದೋರನ್ನ ಅಕ್ಕಿ ಮೂಟೆ ಅಂಗೆ ನಿಲ್ಲಿಸ್ತೀಯೇನಪ್ಪ?"

"ನಡ್ಯೋ ಜನಕ್ಕೆ ಮನೆ ಕಟ್ತಾರಮ್ಮ. ಮಂಚಕ್ಕಲ್ಲ."

"ಅಂಗಾದ್ರೆ ಕಾಲು ನಡ್ಯೋಗಂಟ ಮಾತ್ರ ನಿನ್ ಮನೆ. ಆಮೇಲೆ?"

ಬಚ್ಚಪ್ಪನ ಸಿಟ್ಟು ವೆಂಕಟರತ್ನಮ್ಮನ ಕಡೆ ತಿರುಗಿತು. "ಯಾರ ದುಡ್ಡಲ್ಲಿ ಬಂದು ಯಾರ ಕಡೆ ಕೂತಿದ್ದೀಯಮ್ಮ ನೀನು?"

ಅವಳು ಎದ್ದು ನಿಂತಳು. ಗಟ್ಟಿ ದನಿ ಅವಳಿಗೆ ಎಂದೂ ಬಂದಿರಲಿಲ್ಲ, ಇವತ್ತೂ ಬರಲಿಲ್ಲ. "ಅಳತೆ ತೋರಿಸೋದಕ್ಕೆ ಸಂಬಳ ಕೊಟ್ಟಿದ್ದಾರೆ. ತೋರಿಸ್ದೆ. ತಪ್ಪಿದ್ರೆ ಟೇಪು ಚೀಲದಲ್ಲಿದೆ, ನೀವೇ ಅಳೀರಿ."

ಪೆರುಮಾಳ್ ಪೆನ್ನಿನ ಮುಚ್ಚಳ ಹಾಕಿದ. ಬಹಳ ಹೊತ್ತು ತೆಗೆದುಕೊಂಡು ಎದ್ದು ನಿಂತು, ಅದನ್ನು ಬಚ್ಚಪ್ಪನ ಜೇಬಿಗೆ ತಾನೇ ಸಿಕ್ಕಿಸಿದ.

"ಬುಕ್ಕು ಮಡಿಗ್ಕೊಪ್ಪ" ಎಂದ. ಉಸಿರು ತಂದುಕೊಂಡ. "ಮೆಟ್ಲು ಅಗಲ ಮಾಡು. ಮಾಡಿ, ಇದೇ ಡಬ್ಬ ತಂದು ಇಲ್ಲೇ ಇಡು. ನಾವೇ ಮಂಚ ಇಳಿಸ್ತೀವಿ. ರೋಡ್ಗೆ ಬಂದ್ರೆ ಸೈನು. ಬರ್ಲಿಲ್ಲ ಅಂದ್ರೆ, ಕೆಡವೋಕ್ ಬರೋರು ನಮ್ ಮಂಚಗಳ್ನ ದಾಟ್ಕೊಂಡ್ ಬರ್ಲಿ. ಮೂವತ್ತೆರಡೂ ತಂದು ಬೀದಿಗ್ ಆಕ್ತೀವಿ."

ಒಬ್ಬೊಬ್ಬರೇ ಎದ್ದರು. ಬೋಂಡದ ತಟ್ಟೆ ತುಂಬಿದ್ದ ಹಾಗೇ ಉಳಿಯಿತು.

ಬಚ್ಚಪ್ಪ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ರಾಮಚಂದ್ರಪ್ಪನವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಈಯಮ್ಮ ನಾಳೆ ನಿಮ್ ಆಫೀಸ್ನಾಗೆ ಕಂಡ್ರೆ, ನನ್ ಕೆಲ್ಸ ಬೇರೆಯೋರ್ಗೆ."

ರಾಮಚಂದ್ರಪ್ಪನವರು ವೈರು ಸುತ್ತಿದರು. ಭಾರದ ಮಾನಿಟರನ್ನು ಅವಳಿಗೆ ಮುಟ್ಟಲು ಬಿಡದೆ ತಾವೇ ಎತ್ತಿ ಕಾರಿನಲ್ಲಿಟ್ಟರು. ಬಂದು, ನೆಲ ನೋಡುತ್ತ, "ನಾಳೆ ಬರ್ಬೇಡಿ ರತ್ನಮ್ಮ" ಎಂದರು. ಕಾರಿನ ಬಾಗಿಲು ಹಿಡಿದು, "ರೈಲಿಗೆ ಟಿಕೆಟ್ ಇದೆಯಾ?" ಎಂದು ಕೇಳಿದರು.

"ಪಾಸ್ ಇದೆ ಸಾರ್. ತಿಂಗಳ ಕೊನೇತನಕ ಇದೆ."

ಕಾರು ಹೋಯಿತು. ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ವೆಂಕಟರತ್ನಮ್ಮ ಮಂದಿರದ ಜಗುಲಿಯಲ್ಲಿ ಕೂತಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಬಂದದ್ದು ಸಿಟ್ಟು, ಅದೂ ಒಣ ಸಿಟ್ಟು. ಬಚ್ಚಪ್ಪ ಹಂಚಿದ್ದ ಕರಪತ್ರವೊಂದು ಕಾಲ ಬಳಿ ಬಿದ್ದಿತ್ತು. ಅದನ್ನು ತಿರುಗಿಸಿ, ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಿಂದ ಮೆಟ್ಟಿಲು ಬರೆಯತೊಡಗಿದಳು. ನಾಲ್ಕೂವರೆ ಅಡಿ. ತಿರುವಿನಲ್ಲಿ ಐದು ಇರಲಿ, ತಲೆ ಕಡೆ ಹಿಡಿದವನಿಗೆ ಹೆಜ್ಜೆ ಇಡಲು ಜಾಗ ಬೇಕು. ಅಂಗಡಿ ಒಂದು ಹೋಗುತ್ತದೆ, ಹೋಗಲಿ. ಸಹಿ ಬೇಕೆಂದರೆ ಬಚ್ಚಪ್ಪ ಇಂದಲ್ಲ ನಾಳೆ ಇಂಥದ್ದೊಂದನ್ನು ಬರೆಸಲೇಬೇಕು. ಯಾರ ಕೈಯಲ್ಲಿ ಬರೆಸಿದರೂ, ಲೈನಿನವರ ಹತ್ತಿರ ಸರಿಯಾದ ಅಳತೆ ಇರಲಿ.

ಎದುರು ಮನೆಯಿಂದ ಮುನಿಗಂಗಮ್ಮ ಬಂದಳು. ಕೆಲಸ ಹೋಯಿತೇ, ಮನೆಯಲ್ಲಿ ಯಾರಿದ್ದಾರೆ, ಒಂದನ್ನೂ ಕೇಳಲಿಲ್ಲ. ಗೆರೆ ಅಳಿಸಿಹೋಗದಂತೆ ಕಾಗದವನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ಅವರೆಕಾಳಿನ ಸಾರು, ಬಿಸಿ ಮುದ್ದೆ ಇದ್ದ ತಟ್ಟೆಯನ್ನು, ಸೆರಗಿನಿಂದ ಅಡಿ ಒರೆಸಿ, ಅವಳ ಕೈಗಿಟ್ಟಳು.