ಲೆನ್ಸು ನುಂಗಿದ ಹತ್ತು ಹೆಜ್ಜೆ

ಗೆಳೆಯ ರವೂಫ್ ಗಲ್ಫಿನಿಂದ ತಂದಿದ್ದ ಎರಡು ಜೂಮ್ ಲೆನ್ಸುಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದೆಂದು ಪುತ್ತೂರು ದರ್ಬೆಯ ಫೋಟೋ ಸ್ಟುಡಿಯೋದ ಸರ್ವೋತ್ತಮ ಮೂರು ದಿನ ತಲೆ ಕೆಡಿಸಿಕೊಂಡ. ಎರಡೂ ದೂರದ್ದನ್ನು ಹತ್ತಿರಕ್ಕೆ ಎಳೆಯುವಂಥವೇ. ಒಂದು ಹಗುರ, ಆದರೆ ಬೆಳಕು ಇಳಿದರೆ ತಡವರಿಸುತ್ತದೆ. ಇನ್ನೊಂದು ಸುಲಿಯದ ತೆಂಗಿನಕಾಯಿಯಷ್ಟು ಭಾರ. ಆದರೆ ಅದರ ಅಗಲವಾದ ಗಾಜು ಎರಡು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಮುಸ್ಸಂಜೆಗೂ ಫ್ಲ್ಯಾಶ್ ಬೇಡ. ಎಂಬತ್ತಾರನೇ ಇಸವಿ. ಪುತ್ತೂರಿನಲ್ಲಿ ಅಂಥದ್ದು ಇನ್ನೊಬ್ಬನ ಕೈಯಲ್ಲಿಲ್ಲ ಎಂದೇ ಅವನ ಹೆಮ್ಮೆ.

ಪರೀಕ್ಷೆ ಆಗಲೇಬೇಕಲ್ಲ. ಒಂದು ಸಂಜೆ ಸ್ಟುಡಿಯೋದ ಜಗಲಿಯಲ್ಲಿ ನಿಂತು, ದೂರದ ಬಸ್ ಸ್ಟಾಪಿನ ಕಡೆಗೆ ಎರಡರಲ್ಲೂ ಒಂದೊಂದು ಫೋಟೋ ತೆಗೆದ. ಹಗುರದ್ದರಲ್ಲಿ ಎಲ್ಲರ ಮುಖವೂ ಅಲುಗಿ ಮಸುಕಾಗಿತ್ತು. ಭಾರದ್ದರಲ್ಲಿ ಟೈಪಿಸ್ಟ್ ದಮಯಂತಿಯ ಕಿವಿಯೋಲೆಯ ಹರಳು ಎಣಿಸಬಹುದಿತ್ತು. ಸರ್ವೋತ್ತಮ ಹಿಗ್ಗಿ ಹೀರೇಕಾಯಿಯಾದ, ಭಾರದ್ದನ್ನೇ ಇಟ್ಟುಕೊಂಡ. ಮದುವೆಯ ಆರ್ಡರು ಕೊಡುವವರು ನೋಡಿ ಬೆರಗಾಗಲಿ ಎಂದು ಎರಡನ್ನೂ ದೊಡ್ಡದು ಮಾಡಿ ಶೋಕೇಸಿನಲ್ಲಿ ಅಕ್ಕಪಕ್ಕ ತೂಗುಹಾಕಿದ. ದಮಯಂತಿಯನ್ನು ಒಂದು ಮಾತು ಕೇಳಬೇಕೆಂದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ. ಅವನು ನೋಡಿದ್ದು ಹರಳನ್ನು.

ಊರು ನೋಡಿದ್ದೇ ಬೇರೆ. ದಮಯಂತಿಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಕಂಡಕ್ಟರ್ "ಸುಳ್ಯ, ಸುಳ್ಯ" ಎಂದು ಕೂಗುತ್ತಿದ್ದ. ಅಷ್ಟು ದೂರದಿಂದ ಎಳೆದು ತೆಗೆದ ಫೋಟೋದಲ್ಲಿ ನಡುವಿನ ಜಾಗ ಕಾಣಿಸುವುದೇ ಇಲ್ಲ. ಅವನ ತೆರೆದ ಬಾಯಿ ಗುಟ್ಟು ಹೇಳುವಂತೆ ನೇರ ಅವಳ ಕಿವಿಯಲ್ಲಿತ್ತು. ಅವಳೋ ಯಾವುದಕ್ಕೋ ನಗುತ್ತಿದ್ದಳು. ಮಾತು ಹಬ್ಬಿ ವಾರದೊಳಗೆ ಸಂಪಾಜೆಯ ಮಹಾಬಲನ ಜೊತೆ ಗೊತ್ತಾಗಿದ್ದ ಅವಳ ಮದುವೆ ನಿಂತಿತು. ಆ ಕಂಡಕ್ಟರನ ಹೆಸರೂ ತನಗೆ ಗೊತ್ತಿಲ್ಲ ಎಂದು ಅವಳು ಅತ್ತು ಹೇಳಿದರೆ, ಮಹಾಬಲನ ತಾಯಿ ಚೆನ್ನಕ್ಕ, "ಫೋಟೋ ಸುಳ್ಳು ಹೇಳ್ತದಾ?" ಎಂದು ಕೇಳಿದರಂತೆ.

ಸುದ್ದಿ ತಂದವನು ರವೂಫನೇ. "ಎಂತ ಮಾಡಿದ್ದು ಮಾರಾಯಾ ನೀನು?" ಎಂದ. ಸರ್ವೋತ್ತಮ ಶೋಕೇಸಿನತ್ತ ಓಡಿದ. ಫೋಟೋ ಕಿತ್ತು ಹರಿದ. ಹಗುರದ್ದನ್ನೇ ಇಟ್ಟುಕೊಂಡಿದ್ದರೆ ಯಾರ ಗುರುತೂ ಸಿಗುತ್ತಿರಲಿಲ್ಲ ಎಂದು ಎರಡು ದಿನ ತನ್ನನ್ನೇ ಶಪಿಸಿಕೊಂಡ. ಮೂರನೇ ದಿನ ಭಾರದ ಲೆನ್ಸನ್ನು ಹೆಗಲಿಗೇರಿಸಿ ಸಂಪಾಜೆಯ ಬಸ್ಸು ಹತ್ತಿದ.

ಚೆನ್ನಕ್ಕ ಕೂರಲೂ ಹೇಳಲಿಲ್ಲ. ಅವನು ಕೈಮುಗಿದು ಬೇಡಿಕೊಂಡು ಅವರನ್ನು ಅಂಗಳದಲ್ಲಿ ನಿಲ್ಲಿಸಿದ. ಕೆಲಸದ ಬೋಜನನ್ನು ಅವರ ಹಿಂದೆ ಹತ್ತು ಹೆಜ್ಜೆ ಎಣಿಸಿ ನಿಲ್ಲಿಸಿದ. ಮಹಾಬಲನನ್ನು ದೂರದ ಗೇಟಿನವರೆಗೆ ಕರೆದೊಯ್ದು ಕ್ಯಾಮರಾ ಕೊಟ್ಟ.

"ಅಯ್ಯೋ, ಬೋಜ ಅಮ್ಮನ ಹೆಗಲಿಗೇ ಅಂಟಿದ ಹಾಗೆ ಉಂಟಲ್ಲ!" ಎಂದ ಮಹಾಬಲ.

ಚೆನ್ನಕ್ಕನೂ ಬಂದು ಮಗನನ್ನು ತಮ್ಮ ಜಾಗದಲ್ಲಿ ನಿಲ್ಲಿಸಿ ನೋಡಿದರು. ಕೊನೆಗೆ, "ಆಯ್ತು, ಮದುವೆ ಆಗ್ಲಿ ಅಂತ ಹೇಳಿ" ಎಂದರು.

ಸರ್ವೋತ್ತಮ ಬಸ್ಸಿಳಿದವನೇ ದಮಯಂತಿಯ ಮನೆಗೆ ಓಡಿದ. ಸುದ್ದಿ ಕೇಳಿ ಅವಳ ತಾಯಿ ಸೀತು ಕಣ್ಣೊರೆಸಿಕೊಂಡರು. ದಮಯಂತಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

"ನಾನು ಅತ್ತು ಹೇಳಿದ್ದನ್ನು ಅವ್ರು ನಂಬ್ಲಿಲ್ಲ. ನಿಮ್ಮ ಗಾಜನ್ನು ನಂಬಿದ್ರು. ನಾಳೆ ಇನ್ನೊಂದು ಮಾತು ಬಂದ್ರೆ ನಾನು ಎಂತ ತೋರಿಸುದು? ನನಗೆ ಆ ಮನೆ ಬೇಡ."

"ನನ್ನ ತಪ್ಪಿಗೆ ನೀವು..." ಎಂದ ಸರ್ವೋತ್ತಮ.

"ನಿಮ್ಮ ತಪ್ಪು ಎಂತದು, ಗೊತ್ತುಂಟಾ?"

"ಆ ಹತ್ತು ಹೆಜ್ಜೆ..."

"ಅದಲ್ಲ. ನೀವು ನನ್ನನ್ನು ಕೇಳ್ಲೇ ಇಲ್ಲ. ಇವತ್ತು ಸಂಪಾಜೆಗೆ ಹೋಗುವಾಗ್ಲೂ ಕೇಳ್ಲಿಲ್ಲ."

ಸೀತು ಮಗಳ ತೋಳು ಹಿಡಿದು ಸುಮ್ಮನಿರು ಎಂದು ಗೋಗರೆಯುತ್ತಿದ್ದರು. ಸರ್ವೋತ್ತಮ ಹೆಗಲಿನ ಲೆನ್ಸನ್ನು ಸರಿಪಡಿಸಿಕೊಂಡು ಅಂಗಳಕ್ಕಿಳಿದ. ನಾಳೆ ಮತ್ತೆ ಸಂಪಾಜೆಗೆ ಹೋಗಿ, ಹುಡುಗಿಯೇ ಬೇಡವೆಂದಳು ಎಂದು ಹೇಳಬೇಕಾದವನು ತಾನೇ. ಅದನ್ನು ಅವರು ನಂಬುವಂತೆ ತೋರಿಸಲು ಅವನ ಬಳಿ ಏನೂ ಇರಲಿಲ್ಲ.