ಸೇತುವೆಯ ಕೆಳಗೆ ನಿಂತ ಟ್ರಕ್ಕು

"ಇದು ನಲವತ್ತೆರಡನೇ ಸಲ, ಅಕ್ಕಾ. ಇಲ್ದೇ ಇರೋ ದೆವ್ವನ ಎಲ್ಲಿಂದ ಹಿಡೀತೀರಿ?" ಎಂದು ಪ್ರೋಗ್ರಾಮರ್ ನಕ್ಕ.

ಆಫೀಸಿಗೆಲ್ಲ ಅವಳು ಅಕ್ಕ. ಕಂಪನಿಯ ವಿಡಿಯೋ ಆಟಗಳನ್ನು ಆಡಿ ಆಡಿ ತಪ್ಪು ಹುಡುಕುವುದೇ ಅವಳ ಕೆಲಸ. ಪರದೆಯ ಮೇಲೆ ಅವಳ ಕೆಂಪು ಟ್ರಕ್ಕು ಎದುರಿನ ವ್ಯಾನಿಗೆ ರಾಕೆಟ್ ಬಿಟ್ಟು, ಎರಡು ಕಾರುಗಳನ್ನು ಗೋಡೆಗೆ ಒರೆಸಿ ಮುಂದೆ ನುಗ್ಗಿತು. ವಾಹನಗಳು ಬಡಿದಾಡುವ ಈ ಆಟದ ಎರಡನೇ ಭಾಗ ಸಂಜೆ ಐದಕ್ಕೆ ಡಿಸ್ಕ್ ಅಚ್ಚಿಗೆ ಹೋಗಬೇಕಿತ್ತು. ಅಚ್ಚಾದ ಮೇಲೆ ತಿದ್ದುವ ಮಾತೇ ಇಲ್ಲ.

ಸೋಮವಾರ ಆಟ ಇದ್ದಕ್ಕಿದ್ದಂತೆ ಸ್ತಬ್ಧವಾಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಮೇಲೆ ಎಷ್ಟು ಆಡಿದರೂ ಆ ತಪ್ಪು ಮತ್ತೆ ಕಾಣಿಸಿಕೊಂಡಿರಲಿಲ್ಲ. "ತೋರ್ಸಿ, ಅಚ್ಚು ತಡೀತೀನಿ. ಆಗ್ದಿದ್ರೆ ಆಟ ಸರಿ ಇದೆ ಅಂತ ಸಹಿ ಹಾಕಿ," ಎಂದಿದ್ದರು ಮ್ಯಾನೇಜರು. ಮೊದಲ ಭಾಗದಲ್ಲೂ ಹೀಗೇ ಒಂದು ತಪ್ಪು ಕಂಡು, ತೋರಿಸಲಾಗದೆ, ತೆಪ್ಪಗೆ ಸಹಿ ಹಾಕಿದ್ದಳು. ಆಟ ಕೆಟ್ಟು ನಿಂತ ಮನೆಗಳಿಂದ ಬಂದ ಪತ್ರಗಳನ್ನು ಓದಿ ಓದಿ ನಾಚಿಕೆಯಿಂದ ಕುಗ್ಗಿದವಳೂ ಅವಳೇ. ಈ ಸಲ ಜಪ್ಪಯ್ಯ ಅಂದರೂ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದಿದ್ದಳು.

ನೋಯುತ್ತಿದ್ದ ಹೆಬ್ಬೆರಳು ತಿಕ್ಕಿಕೊಳ್ಳುವಾಗ ಥಟ್ಟನೆ ನೆನಪಾಯಿತು. ಸೋಮವಾರ ಅಮ್ಮ ಫೋನ್ ಮಾಡಿದ್ದಳು. ಟ್ರಕ್ಕನ್ನು ಸೇತುವೆಯ ಕೆಳಗೆ ನಿಲ್ಲಿಸಿ, ಆಟ ತಡೆಯುವ ಗುಂಡಿಯನ್ನೂ ಒತ್ತದೆ ಅಕ್ಕ ಮಾತಿಗೆ ಕೂತಿದ್ದಳು. ಕೆಲಸದ ಹೊತ್ತಿನಲ್ಲಿ ಮನೆ ಹರಟೆ ಎಂಬ ಅಳುಕಿಗೆ ಅದನ್ನು ವರದಿಯಲ್ಲಿ ಬರೆದಿರಲಿಲ್ಲ!

ಅವಳು ಟ್ರಕ್ಕನ್ನು ಸೇತುವೆಯ ಕೆಳಗೆ ಒಯ್ದು ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು.

"ಕೈ ಕಟ್ಕೊಂಡು ಕೂರೋದೂ ಟೆಸ್ಟಿಂಗಾ?"

"ಹೂಂ. ಸೋಮವಾರ ಅಮ್ಮನ ಫೋನ್ ಬಂದಾಗ ಹೀಗೇ ಬಿಟ್ಟು ಮಾತಾಡ್ತಿದ್ದೆ. ಆಮೇಲೆ ನಾವ್ಯಾರೂ ಇದೊಂದನ್ನ ಮಾಡೇ ಇಲ್ಲ."

ವೈರಿ ಕಾರುಗಳು ಸುತ್ತು ಹೊಡೆದವು. ಗುಂಡುಗಳು ಕಂಬಕ್ಕೆ ಬಡಿದವು. ಬೆರಳುಗಳು ಚಡಪಡಿಸಿದರೂ ಅವಳು ಅಲುಗಲಿಲ್ಲ. ಹನ್ನೆರಡನೇ ನಿಮಿಷಕ್ಕೆ ಒಂದು ರಾಕೆಟ್ಟಿನ ಬೆಂಕಿ ಗಾಳಿಯಲ್ಲೇ ನಿಂತುಬಿಟ್ಟಿತು. ಸದ್ದು ಒಂದೇ ಸ್ವರದಲ್ಲಿ ಕಿರ್ರೆನ್ನತೊಡಗಿತು.

ಪ್ರೋಗ್ರಾಮರ್ ಓಡಿ ಬಂದು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದ. ಏನೂ ಆಗಲಿಲ್ಲ. ಅವನ ಮುಖ ಸಣ್ಣದಾಯಿತು.

"ಅವತ್ತು ಎಷ್ಟು ಹೊತ್ತು ಮಾತಾಡಿದ್ರಿ, ಅಕ್ಕಾ?"

"ಅಮ್ಮನ ಕನ್ನಡಕ ಸಿಗೋವರ್ಗೂ."

ಅವನೇ ಹೋಗಿ ಮ್ಯಾನೇಜರನ್ನು ಕರೆತಂದ. ಅವರು ಗಡಿಯಾರ ನೋಡಿದರು, ನಾಲ್ಕೂಕಾಲು. ಕುರ್ಚಿ ಎಳೆದುಕೊಂಡು, "ನನ್ನೆದುರಿಗೆ ಇನ್ನೊಂದ್ಸಲ," ಎಂದರು. ಅಕ್ಕ ಮೊದಲಿನಿಂದ ಶುರುಮಾಡಿ ಟ್ರಕ್ಕನ್ನು ಸೇತುವೆಯ ಕೆಳಗೆ ನಿಲ್ಲಿಸಿದಳು. ವ್ಯಾನೊಂದು ನೇರ ಅದರತ್ತ ನುಗ್ಗಿ ಬಂತು. ಮ್ಯಾನೇಜರು ತಡೆಯಲಾರದೆ ಕಂಟ್ರೋಲರ್‌ಗೆ ಕೈ ಚಾಚಿದರು.

"ಮುಟ್ಬೇಡಿ, ಸಾರ್."

ಅವರು ಕೈ ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡರು.