ಹದಿನೇಳನೇ ಆರೋಗ್ಯವಂತ

ಐದು. ಆರು. ಏಳು.

ಎಂಟನೇ ಸಲ ಹೊಡೆದುಕೊಂಡ ಮೇಲೆ ಅವನು ರಿಸೀವರ್ ಕೆಳಗಿಟ್ಟ. ಎಂಟು ರಿಂಗ್ ಆಗುವ ತನಕ ಕಾಯಬೇಕು, ಆಮೇಲೆಯೇ 'ಉತ್ತರವಿಲ್ಲ' ಎಂದು ಬರೆಯಬೇಕು ಎಂದು ನಿಯಮ. ಏಳಕ್ಕೇ ಇಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಎಣಿಸಿದ. ಕಡತದಲ್ಲಿ ಬರೆದ: ಎರಡನೇ ಕರೆ. ಬೆಳಿಗ್ಗೆ ಹತ್ತು ಇಪ್ಪತ್ತು. ಉತ್ತರವಿಲ್ಲ.

ಹತ್ತು ಇಪ್ಪತ್ತಕ್ಕೆ ಆ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೆಂಡತಿ ಮಗಳನ್ನು ಶಾಲೆಗೆ ಬಿಟ್ಟು, ತರಕಾರಿ ಕೊಂಡು ಬರುವಷ್ಟರಲ್ಲಿ ಹನ್ನೊಂದಾಗುತ್ತದೆ. ಫೋನು ಕಿಟಕಿ ಪಕ್ಕದ ಸ್ಟೂಲಿನ ಮೇಲಿದೆ. ಅದರ ಕೆಳಗೆ ಅವಳ ಮನೆಪಾಠದ ಪುಸ್ತಕಗಳು. ಎಂಟು ಸಲವೂ ಅವನಿಗೆ ಕಂಡದ್ದು ತನ್ನದೇ ಖಾಲಿ ಹಾಲ್, ಕುರ್ಚಿಯ ಬೆನ್ನಿಗೆ ಹಾಕಿದ ತನ್ನದೇ ಅಂಗಿ.

ಅವನು ವೈದ್ಯಕೀಯ ಕಾಲೇಜಿನ ಮೂತ್ರಪಿಂಡ ವಿಭಾಗದಲ್ಲಿ ಸಂಶೋಧನೆಯ ಕಾಗದಪತ್ರ ನೋಡಿಕೊಳ್ಳುವವನು. ಡಾಕ್ಟರುಗಳು ರೋಗಿಗಳನ್ನು ನೋಡುತ್ತಾರೆ, ಅವನು ರೋಗಿಗಳ ಸಹಿ ನೋಡುತ್ತಾನೆ. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಮೇಲೆಯೇ ರಕ್ತ ತೆಗೆದದ್ದೋ ಅಥವಾ ಮೊದಲೇ ತೆಗೆದರೋ ಎಂಬುದು ಅವನ ತಲೆನೋವು. ಅನುದಾನ ಬರುವುದೂ ನಿಲ್ಲುವುದೂ ಇಂಥ ಹತ್ತು ನಿಮಿಷಗಳ ವ್ಯತ್ಯಾಸದಿಂದ.

ಒಂಬತ್ತು ತಿಂಗಳ ಹಿಂದೆ ಕಡಿಮೆಬಿದ್ದದ್ದು ಸಹಿಯಲ್ಲ, ಮನುಷ್ಯ. ನಲವತ್ತು ರೋಗಿಗಳ ಜೊತೆ ಹೋಲಿಸಲು ಇಪ್ಪತ್ತು ಆರೋಗ್ಯವಂತರು ಬೇಕಿತ್ತು. ಹದಿನೇಳನೇ ನಂಬರಿನ ಆಸಾಮಿ ಕೊನೆಯ ದಿನ ಕೈಕೊಟ್ಟ. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರು ಅವನ ಮೇಜಿನ ಮುಂದೆ ನಿಂತು, "ನಾಳೆ ಬೆಳಿಗ್ಗೆಯೊಳಗೆ ಒಬ್ಬರು ಆಗ್ಬೇಕು. ಹೇಗೆ ಅಂತ ನಾನು ಕೇಳಲ್ಲ" ಎಂದಿದ್ದರು.

ಅವನು ಅಂಗಿಯ ತೋಳು ಮಡಚಿ ತಾನೇ ಕೂತ. ರಕ್ತ ತೆಗೆಯುವ ತಂತ್ರಜ್ಞನನ್ನು ವಿಭಾಗದಲ್ಲೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು. ಸೂಜಿ ಟ್ಯೂಬು ಹಿಡಿದು ನಕ್ಕಿದ್ದ. "ನಿಯಮದ ಅಪ್ಪನೇ ಬಂದು ಕೂತ್ಕೊಂಡ್ರೆ ನಾನೇನ್ ಮಾಡ್ಲಿ ಸಾರ್?"

"ಸುಮ್ನೆ ಚುಚ್ಚಯ್ಯ."

ವಿಭಾಗದ ಸಿಬ್ಬಂದಿ ಸ್ವಯಂಸೇವಕರಾಗುವಂತಿಲ್ಲ. ಮೇಲಿನವರಿಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಅವರಿಗೆ ಇರುವುದಿಲ್ಲ. ಈ ನಿಯಮದ ಕರಡು ಬರೆದವನು ಅವನೇ. ನೈತಿಕ ಸಮಿತಿಯವರು ವಾಕ್ಯವನ್ನು ಮೆಚ್ಚಿಕೊಂಡಿದ್ದರು.

ಕಳೆದ ವಾರ ಲ್ಯಾಬಿನಿಂದ ಲಕೋಟೆ ಬಂತು. ಬಾಯಿಗೆ ಅಡ್ಡಡ್ಡ ಟೇಪು, ಟೇಪಿನ ಮೇಲೆ ಎರಡು ಸಹಿ. ಹೊರಗೆ ಒಂದು ಚೀಟಿ: ಸಂಖ್ಯೆ ಹದಿನೇಳು. ವ್ಯಕ್ತಿಗೆ ತಿಳಿಸಬೇಕಾದ ಅಂಶವಿದೆ. ವೈದ್ಯರೇ ಮುಖತಃ ತಿಳಿಸತಕ್ಕದ್ದು.

ಆ ವ್ಯಕ್ತಿಗೆ ಮೂರು ಸಲ ಫೋನ್ ಮಾಡಬೇಕು. ಮೂರೂ ಸಲ ಸಿಗದಿದ್ದರೆ ಲಕೋಟೆ ಹಾಗೇ ಉಗ್ರಾಣಕ್ಕೆ ಹೋಗುತ್ತದೆ, ಹದಿನೈದು ವರ್ಷ. ಅದು ನಾನೇ ಎಂದು ಅವನು ಹೇಳಿದರೆ ಅಧ್ಯಯನ ರದ್ದು, ಅನುದಾನ ರದ್ದು. ಮೊದಲು ಹೊರಹೋಗುವವನು ಅವನು, ಬೆನ್ನಿಗೇ ಸೂಜಿ. ಹೇಳದಿದ್ದರೆ ತನ್ನ ರಕ್ತದಲ್ಲಿ ಇರುವುದೇನೆಂದು ತನಗೆ ತಿಳಿಯುವುದಿಲ್ಲ. ಶುಕ್ರವಾರ ಹೊರಗಿನ ಒಂದು ಲ್ಯಾಬಿನ ಬಾಗಿಲ ತನಕ ಹೋಗಿದ್ದ. ಗೋಡೆಯ ಮೇಲೆ ಎಂಬತ್ತು ಪರೀಕ್ಷೆಗಳ ಪಟ್ಟಿ. ಯಾವುದು ಬೇಕೆಂದು ಕೌಂಟರಿನವಳು ಕೇಳಿದಳು. ಸಮಯ ಕೇಳಲು ಬಂದವನಂತೆ ಗಡಿಯಾರ ನೋಡಿ ವಾಪಸು ಬಂದಿದ್ದ.

ಎರಡು ತಿಂಗಳಿಂದ, ಸಾಕ್ಸ್ ಬಿಚ್ಚಿ ಎಷ್ಟು ಹೊತ್ತಾದರೂ ಕಾಲಿನ ಮೇಲೆ ಅದರ ಗೆರೆ ಉಳಿಯುತ್ತಿತ್ತು. ಸಾಕ್ಸ್ ಬಿಗಿಯಾಯಿತು ಎಂದುಕೊಂಡು ಹೊಸದು ಕೊಂಡಿದ್ದ.

ಹನ್ನೆರಡಕ್ಕೆ ಕಾರಿಡಾರಿನಲ್ಲಿ, ನೀರಿನ ಫಿಲ್ಟರಿನ ಹತ್ತಿರ ಸೂಜಿ ಸಿಕ್ಕ. ಆಚೀಚೆ ನೋಡಿ ದನಿ ತಗ್ಗಿಸಿದ.

"ಸಾರ್, ಆ ಲಕೋಟೆ."

"ಯಾವ ಲಕೋಟೆ?"

"ಅಯ್ಯೋ ಬಿಡಿ ಸಾರ್. ನನ್ನ ಹೆಂಡ್ತಿ ತಮ್ಮ ಆ ಲ್ಯಾಬಲ್ಲೇ ಇರೋದು. ಒಂದು ನಿಮಿಷದ ಕೆಲಸ. ನೋಡಿ ಹೇಳು ಅಂದಿದೀನಿ."

"ಅದು ತಪ್ಪು."

"ಹೌದು ಸಾರ್, ತಪ್ಪೇ." ಸೂಜಿ ಲೋಟ ತೊಳೆದ. "ಆರೂವರೆಗೆ ನಿಮ್ಮ ಮನೆಗೆ ಫೋನ್ ಮಾಡ್ತೀನಿ. ಬೇಡ ಅಂದ್ರೆ ಎತ್ಬೇಡಿ. ಒಂದೇ ಸಲ ಮಾಡೋದು. ಆಮೇಲೆ ನಾನೂ ಮರ್ತುಬಿಡ್ತೀನಿ, ನನಗೂ ಮಕ್ಕಳಿದಾರೆ."

"ನೋಡೋಣ."

"ಏನ್ ನೋಡೋದು ಸಾರ್? ನಿಮ್ಮದೇ ರಕ್ತ."

ಅವನು ತನ್ನ ಲೋಟದಲ್ಲಿದ್ದ ನೀರನ್ನು ಕುಡಿಯದೆ ಚೆಲ್ಲಿದ.

ಎರಡು ಗಂಟೆಗೆ ಅನುದಾನ ಕೊಡುವ ಸಂಸ್ಥೆಯಿಂದ ತಪಾಸಣಾಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು. ಚಹಾ ಬೇಡವೆಂದರು, ನೀರೂ ಬೇಡವೆಂದರು. ಬಾಟಲಿ ತಾವೇ ತಂದಿದ್ದರು. ಪ್ರೊಫೆಸರು ಬಾಗಿಲಲ್ಲಿ ಇಣುಕಿ, "ಎಲ್ಲಾ ಇವರೇ ನೋಡ್ಕೋತಾರೆ ಮೇಡಂ, ನಮ್ಮದೇನಿದ್ದರೂ ಸಹಿ ಅಷ್ಟೇ" ಎಂದು ನಕ್ಕು ಮಾಯವಾದರು.

ಆಕೆ ಒಂದೊಂದೇ ಕಡತ ತಿರುವಿದರು. ಆಕೆಗೆ ನಂಬರು ನೋಡುವ ಹಕ್ಕಿತ್ತು, ಹೆಸರು ನೋಡುವ ಹಕ್ಕಿರಲಿಲ್ಲ. ಹದಿನೇಳಕ್ಕೆ ಬಂದು ನಿಂತರು.

"ಮೂರನೇ ಕರೆ ಬಾಕಿ."

"ನಾಳೆ ಬೆಳಿಗ್ಗೆ ಮಾಡ್ತೀನಿ."

"ಎರಡೂ ಬೆಳಿಗ್ಗೆನೇ ಮಾಡಿದೀರಿ. ಬೆಳಿಗ್ಗೆ ಹೊತ್ತು ಕೆಲಸಕ್ಕೆ ಹೋಗೋ ಮನುಷ್ಯ ಇರಬಹುದು. ಈಗ ಮಾಡಿ. ಸ್ಪೀಕರ್ ಹಾಕಿ, ನಾನೂ ಸಾಕ್ಷಿ ಆದ ಹಾಗಾಯ್ತು."

ಗಡಿಯಾರದಲ್ಲಿ ಮೂರು ಹತ್ತು. ಹೆಂಡತಿ ಈಗ ಮನೆಯಲ್ಲಿರುತ್ತಾಳೆ. ಅವನು ಗುಂಡಿ ಒತ್ತಿದ. ನಂಬರನ್ನು ಕಾಗದ ನೋಡಿಕೊಂಡೇ ಒತ್ತಿದ.

ಎರಡೇ ರಿಂಗಿಗೆ ಎತ್ತಿದಳು. "ಹಲೋ, ಪಾಠಕ್ಕಾದ್ರೆ ಈ ತಿಂಗಳು ಜಾಗ ಇಲ್ಲ."

ಬೇರೆಯವರು ಎತ್ತಿದರೆ ಆಸ್ಪತ್ರೆಯ ಹೆಸರು ಹೇಳಬಾರದು. ಅದೂ ನಿಯಮ. "ಪಾಠಕ್ಕಲ್ಲ. ಒಂದು ಆಫೀಸಿಂದ. ಯಜಮಾನರು ಇದಾರಾ?"

"ಇಲ್ಲ. ಯಾವ ಆಫೀಸು?"

"ಯಾವಾಗ ಸಿಗ್ತಾರೆ?"

ಅವಳು ನಕ್ಕಳು. ಆ ನಗು ಅವನಿಗೆ ಹೊಸದು. "ನನಗೇ ಸಿಗಲ್ಲ, ನಿಮಗೆಲ್ಲಿ ಸಿಗ್ತಾರೆ? ಆರಕ್ಕೆ ಬರ್ತಾರೆ. ಪೇಪರ್ ಹಿಡ್ಕೊಂಡು ಕೂತ್ಕೋತಾರೆ. ಏನ್ ಕೇಳಿದ್ರೂ ಹ್ಞೂಂ ಅಂತಾರೆ. ನಿಮಗೂ ಅಷ್ಟೇ, ಹ್ಞೂಂ ಅಂತಾರೆ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಕೇಳಬೇಕಾದ ಪ್ರಶ್ನೆಗಳು ಮುಗಿದಿದ್ದವು.

"ಆರೋಗ್ಯವಾಗಿದಾರಾ?"

ತಪಾಸಣಾಧಿಕಾರಿ ತಲೆ ಎತ್ತಿದರು. ಸ್ಪೀಕರಿನಲ್ಲಿ ಮನೆಯ ಫ್ಯಾನಿನ ಸದ್ದು ಕೇಳಿತು. ಮೂರನೇ ಸುತ್ತಿಗೊಮ್ಮೆ ಕಿರುಗುಟ್ಟುವ ಫ್ಯಾನು. ಅದನ್ನು ಸರಿಮಾಡಿಸುತ್ತೇನೆಂದು ಅವನು ವರ್ಷದಿಂದ ಹೇಳುತ್ತಿದ್ದ.

"ಕೇಳಿದ್ರೆ ಚೆನ್ನಾಗಿದೀನಿ ಅಂತಾರೆ." ಅವಳ ದನಿ ಬದಲಾಗಿತ್ತು. "ಯಾಕೆ? ಯಾರ್ರೀ ನೀವು?"

"ಥ್ಯಾಂಕ್ಸ್" ಎಂದು ಅವನು ಇಟ್ಟ.

ಮದುವೆಯಾಗಿ ಹನ್ನೆರಡು ವರ್ಷ. ಅವನು ದನಿ ಬದಲಿಸಿರಲಿಲ್ಲ. ಇದು ಅವನ ಆಫೀಸಿನ ದನಿ, ಅಷ್ಟೇ. ಅದನ್ನು ಅವಳು ಕೇಳಿಯೇ ಇರಲಿಲ್ಲವೇನೋ. ಅಥವಾ ಮನೆಯಲ್ಲಿ ಅವನು ಇಷ್ಟು ಮಾತಾಡಿಯೇ ಇರಲಿಲ್ಲ.

"ಒಂದು ಪ್ರಶ್ನೆ ಜಾಸ್ತಿ ಕೇಳಿದ್ರಿ."

"ತಪ್ಪಾಯ್ತು ಮೇಡಂ."

"ಬರ್ಕೋತೀನಿ. ಸಣ್ಣದು." ಆಕೆ ಪೆನ್ನಿನ ಮುಚ್ಚಳ ಹಾಕಿದರು. "ಮೂರು ಕರೆ ಆಯ್ತಲ್ಲ, ಮುಚ್ಚಿಬಿಡಿ. ಪಾಪ, ಆ ಹೆಂಗಸು."

ಅವನು 'ಸಂಪರ್ಕಕ್ಕೆ ಸಿಗಲಿಲ್ಲ' ಎಂಬ ಮೊಹರು ಒತ್ತಿದ. ಶಾಯಿ ಸರಿಯಾಗಿ ಮೂಡಲಿಲ್ಲವೆಂದು ಇನ್ನೊಮ್ಮೆ ಒತ್ತಿದ. ಕೆಳಗೆ ಸಹಿ ಮಾಡಿದ. ಒಪ್ಪಿಗೆ ಪತ್ರದ ಮೇಲೆ ಹದಿನೇಳನೆಯವನ ಸಹಿಯನ್ನು ಬೇಕೆಂದೇ ಎಡಗೈಯಲ್ಲಿ ಮಾಡಿದ್ದ. ಹೋಲಿಕೆ ಏನೇನೂ ಇರಲಿಲ್ಲ. ಲಕೋಟೆ ರಟ್ಟಿನ ಪೆಟ್ಟಿಗೆಯೊಳಗೆ, ಹದಿನಾರು ಮತ್ತು ಹದಿನೆಂಟರ ನಡುವೆ ಕೂತಿತು.

"ಕಾಗದ ಅಂದ್ರೆ ಹೀಗಿರಬೇಕು" ಎಂದರು ಆಕೆ, ಹೊರಡುವಾಗ. "ಎಲ್ಲಾ ಕಡೆ ನಿಮ್ಮಂಥವರಿದ್ರೆ ನನಗೆ ಕೆಲಸವೇ ಇರ್ತಿರ್ಲಿಲ್ಲ."

ಪ್ರೊಫೆಸರು ಅವನ ಬೆನ್ನು ತಟ್ಟಿದರು. ಆ ಹದಿನೇಳನೆಯವನು ಯಾರು ಎಂದು ಕೇಳಲಿಲ್ಲ. ತಟ್ಟಿದ ಕೈ ಒಂದು ಕ್ಷಣ ಹೆಚ್ಚಿಗೆ ಅಲ್ಲೇ ಇತ್ತು. ಹಾಗೆಂದು ಅವನಿಗೆ ಅನಿಸಿತು.

ಆರಕ್ಕೆ ಮನೆಗೆ ಬಂದ. ಸಾಕ್ಸ್ ಬಿಚ್ಚಿದ. ಪೇಪರ್ ಹಿಡಿದು ಕೂತ. ಮಗಳು ನೆಲದ ಮೇಲೆ ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು, ಸಮುದ್ರಕ್ಕೆಲ್ಲ ಹಸಿರು. ಅದು ನೀಲಿ ಎಂದು ಹೇಳಬೇಕೆಂದುಕೊಂಡ. ಪೇಪರ್ ಬಿಡಿಸಿದ.

ಹೆಂಡತಿ ಅಡುಗೆಮನೆಯಿಂದಲೇ ಮಾತಾಡಿದಳು. "ಮಧ್ಯಾಹ್ನ ಯಾರೋ ಫೋನ್ ಮಾಡಿದ್ರು, ನಿಮ್ಮನ್ನ ಕೇಳಿದ್ರು."

"ಯಾರು?"

"ಹೇಳ್ಲಿಲ್ಲ. ಬಾವಿ ಒಳಗಿಂದ ಮಾತಾಡಿದ ಹಾಗಿತ್ತು. ನೀವು ಆರೋಗ್ಯವಾಗಿದೀರಾ ಅಂತ ಕೇಳಿದ ಪುಣ್ಯಾತ್ಮ. ನಂಗ್ಯಾಕೋ ಭಯ ಆಯ್ತು ರೀ."

ಅವನು ಪುಟ ತಿರುವಿದ.

ಅವಳು ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಸೋಪಿನ ನೊರೆ. "ಹೇಳಿ. ಆರೋಗ್ಯವಾಗಿದೀರಾ?"

"ಹ್ಞೂಂ."

ಅವಳು ಒಳಗೆ ಹೋದಳು.

ಆರೂವರೆಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ಸ್ಟೂಲು ಅವನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಒಂದು. ಎರಡು. ಮಗಳು ತಲೆ ಎತ್ತಿ, "ಅಪ್ಪ, ಫೋನು" ಎಂದಳು. ಮೂರು. ಕೈ ಪೇಪರನ್ನು ಬಿಟ್ಟಿತು, ಸ್ಟೂಲಿನ ಅಂಚಿನ ತನಕ ಹೋಯಿತು, ಅಲ್ಲೇ ಕೂತಿತು. ರಿಂಗಿನ ನಡುಕ ಮರದಿಂದ ಬೆರಳಿಗೆ ಹತ್ತುತ್ತಿತ್ತು. ನಾಲ್ಕು. ಐದು.

"ಕಿವಿ ಕೇಳಿಸಲ್ವೇನ್ರೀ? ನನ್ನ ಕೈ ಒದ್ದೆ ಇದೆ!"

ಆರು. ಮಗಳು ಎದ್ದು ಬಂದಳು. ಸುಮ್ಮನಿರು ಎಂಬಂತೆ ಅವನು ಬೆರಳೆತ್ತಿದ. ಅವಳು ನಿಂತಲ್ಲೇ ನಿಂತಳು. ಏಳು.

ಎಂಟು.

ಅವನು ಜೇಬಿನಿಂದ ಪೆನ್ನು ತೆಗೆದು ಗಡಿಯಾರ ನೋಡಿದ. ಪೇಪರಿನ ಅಂಚಿನ ಬಿಳಿ ಜಾಗದಲ್ಲಿ ಚಿಕ್ಕ ಅಕ್ಷರಗಳಲ್ಲಿ ಬರೆದ: ಸಂಜೆ ಆರೂವರೆ. ಉತ್ತರವಿಲ್ಲ.

ಬರೆದು ಕೆಳಗೆ ಸಹಿ ಮಾಡಿದ ಮೇಲೂ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮಗಳು ಅವನ ಕೈಯನ್ನೇ ನೋಡುತ್ತಿದ್ದಳು. ಪೆನ್ನು ಎಡಗೈಯಲ್ಲಿತ್ತು.